ವೀಣ ಮಗೀಗೆ ಯೋಳಿದ್ದು, ನಾನು ಕೆಡಿಸಿದ್ದು

ನನ್ನ ಸೊಸೆ ವೀಣನ ಬಗ್ಗೆ ಯಾರಾನ ಕೇಳುದ್ರೆ ನಾನು ಮೊದ್ಲು ಬೈದೇ ಸುರು ಮಾಡೋದು. ಅತ್ತೆ ಆದೋಳು ಸೊಸೇನ ಒಗಳುದ್ರೆ ಊರೋರು "ಮುದ್ಕಿಗೆ ಅರಳುಮರಳು" ಅಂತಾರೆ. ಅದ್ಕೇ ಮೊದ್ಲು ಬೈತೀನಿ, ಕೇಳಿ. ಅವ್ಳು ಮೊಂಡಿ. ದೊಡ್ಡೋರು ಚಿಕ್ಕೋರು ಅಂತ ನೋಡದಿಲ್ಲ, ಮೊಕಕ್ಕೆ ಒಡ್ದಂಗೆ ಮಾತಾಡ್ತಾಳೆ. ಸಾರಿಗೆ ಉಪ್ಪು ಕಮ್ಮಿ ಆಕ್ತಾಳೆ. ಆಯ್ತು, ಬೈದದ್ದು ಮುಗೀತು. ಇನ್ನ ಒಗಳ್ತೀನಿ, ಯಾರೂ ಅಡ್ಡ ಬಾಯಿ ಆಕ್ಬ್ಯಾಡಿ.

ನಾನು ಚಿಕ್ಕಬೋರಮ್ಮ. ಮದ್ದೂರಿಂದ ಮಳವಳ್ಳಿಗೆ ಓಗೋ ಬಸ್ಸಲ್ಲಿ ಅರ್ಧ ದಾರಿಗೆ ಇಳ್ಕಂಡು, ಅಲ್ಲಿಂದ ಎರಡು ಮೈಲಿ ಒಳಕ್ಕೆ ನಡುದ್ರೆ ನಮ್ಮೂರು. ಇರೋದು ಮೂರು ಎಕರೆ. ಅರ್ಧ ಬತ್ತ ಕಬ್ಬು, ಇನ್ನರ್ಧ ರೇಸ್ಮೆ ಉಳಕ್ಕೆ ಆಕೋ ಸೊಪ್ಪು. ಇರೋನು ಒಬ್ನೇ ಮಗ, ಶಿವರಾಜು. ಅವ್ನಿಗೆ ಕೆರಗೋಡಿಂದ ಎಣ್ಣು ತಂದು ಹದಿನಾರು ವರ್ಸ ಆಯ್ತು. ಪಿಯುಸಿ ಓದಿದ ಉಡ್ಗಿ, ಅಟ್ಟಿ ಕೆಲ್ಸ ಮಾಡ್ತಾಳೋ ಇಲ್ವೋ ಅಂತ ನಂಗೆ ಅನುಮಾನ ಇತ್ತು.

ಬಂದ ಮೂರನೇ ತಿಂಗ್ಳಿಗೇ ಉಳದ ಮನೆ ಯಜಮಾನ್ಕೆ ತಗಂಡ್ಲು. ಅಲ್ಲೀಗಂಟ ನಾವು ಉಳ ಸಾಕ್ತಿದ್ದುದ್ದು, ಬಂದ್ರೆ ಬಂತು ಓದ್ರೆ ಓಯ್ತು ಅನ್ನಂಗೆ. ಎರಡು ಸಲಕ್ಕೆ ಒಂದು ಸಲ ರೋಗ ಬಂದು ಎಲ್ಲಾ ತಿಪ್ಪೆ ಸೇರೋದು. ಇವ್ಳು ಮಂಡ್ಯಕ್ಕೆ ಓಗಿ ಮೂರು ದಿನ ತರಬೇತೀಲಿ ಕುಂತ್ಕಂಡು ಕೇಳ್ಕಂಡು ಬಂದ್ಲು. ಬಂದೋಳು ಗ್ವಾಡೆಗೆಲ್ಲ ಸುಣ್ಣ ಒಡ್ಸಿ, ಬಾಗ್ಲಲ್ಲಿ ಬ್ಲೀಚಿಂಗ್ ಪೌಡ್ರು ನೀರು ಇಟ್ಟು, "ಕಾಲು ತೊಳೀದೆ ಒಬ್ರೂ ಒಳಕ್ಕೆ ಬರಂಗಿಲ್ಲ" ಅಂದ್ಲು. ನಾನು ಎಲೆ ಅಡ್ಕೆ ಜತೆ ಒಗೆಸೊಪ್ಪು ಅಗೀತಿದ್ದೆ. ಒಗೆಸೊಪ್ಪಿನ ಸೋಂಕು ತಗುಲಿದ್ರೂ ರೇಸ್ಮೆ ಉಳ ಸಾಯ್ತವೆ. "ಅತ್ತೆ, ನಿಮ್ಗೆ ಹೊಗೆಸೊಪ್ಪು ಬೇಕೋ ಹುಳ ಬೇಕೋ, ಒಂದು ಹೇಳಿ" ಅಂತ ಎಲ್ರ ಮುಂದೇನೇ ಕೇಳ್ಬುಟ್ಲು. ಮೂವತ್ತು ವರ್ಸದ ಚಟ ಕಣ್ರಿ! ಮೂರು ದಿನ ಅವ್ಳ ಮಾತಾಡ್ಸಲಿಲ್ಲ. ನಾಕನೇ ದಿನ ಚೀಲನೇ ತಿಪ್ಪೆಗೆ ಎಸ್ದೆ. ಆ ವರ್ಸ ಒಂದು ಬೆಳೇನೂ ಕೆಡಲಿಲ್ಲ.

ಎಲ್ಲಾ ಸರಿ, ಮಕ್ಳು ಆಗ್ಲಿಲ್ಲ. ಮಂಡ್ಯದ ಡಾಕ್ಟ್ರು, ಮೈಸೂರಿನ ಡಾಕ್ಟ್ರು, ನಾನು ಕಟ್ಕಂಡ ಅರಕೆ, ಯಾವ್ದೂ ಕೈ ಇಡೀಲಿಲ್ಲ. ಕೊನೆಗೆ ಒಂದಿನ ಆಸ್ಪತ್ರೆಯಿಂದ ಬಂದೋಳು ಬಾಗ್ಲಲ್ಲಿ ಚಪ್ಲಿ ಬುಡೋಕೆ ಮುಂಚೇನೇ ಅಂದ್ಲು: "ಅತ್ತೆ, ಇನ್ನ ಸಾಕು. ಮೈ ದಣಿದೋಗಿದೆ. ನನಗೆ ಮಗು ಬೇಕು. ಅದು ನನ್ನ ಹೊಟ್ಟೇಲೇ ಹುಟ್ಬೇಕು ಅಂತ ಏನೂ ಇಲ್ಲ." ನನ್ನ ಬಾವ ದೊಡ್ಡಸಿದ್ದಯ್ಯಂಗೆ ಅದು ಕಿವಿಗೆ ಬಿತ್ತು. "ನಮ್ಮ ಮೂರನೇ ಮೊಮ್ಮಗನ್ನ ತಗಳವ್ವ, ಒಂದೇ ರಕ್ತ" ಅಂತ ಬಂದ್ರು. ನಂಗೂ ಅದೇ ಸರಿ ಅನ್ನಿಸ್ತು. ಇವ್ಳು ಕಾಫಿ ಕೊಟ್ಟು, "ದೊಡ್ಮಾವ, ಆ ಮಗೂಗೆ ಅವರಮ್ಮ ನಾಕು ಮನೆ ಆಚೇಲೇ ಇರ್ತಾಳೆ. ಅದು ಯಾರ ಸೆರಗು ಹಿಡೀಬೇಕು? ಅಮ್ಮ ಇಲ್ದಿರೋ ಮಗೂಗೆ ಅಮ್ಮ ಆಗ್ತೀನಿ, ಇರೋ ಅಮ್ಮನ್ನ ಬಿಡಿಸಿ ಅಲ್ಲ" ಅಂದ್ಲು. ಬಾವ ಅರ್ಧ ಕಾಫಿ ಬುಟ್ಟು ಎದ್ದೋರು ಎರಡು ವರ್ಸ ನಮ್ಮ ಒಸ್ಲು ತುಳೀಲಿಲ್ಲ.

ಆಮೇಲೆ ಗಂಡ ಎಂಡ್ತಿ ಇಬ್ರೂ ಮಂಡ್ಯದ ದತ್ತು ಕೊಡೋ ಆಫೀಸಿಗೆ ಓಗಿ, ಕಂಪ್ಯೂಟರಲ್ಲಿ ಎಸ್ರು ಬರ್ಸಿ, ಕಾದ್ರು. ಮೂರು ವರ್ಸ ಕಾದ್ರು. ಮಧ್ಯದಲ್ಲಿ ಒಬ್ರು ಮೇಡಮ್ಮು ಮನೆ ನೋಡಕ್ಕೆ ಬಂದು, ನನ್ನೂ ಕೂರ್ಸಿ, "ಅಜ್ಜಿ, ನಿಮ್ಗೆ ಒಪ್ಪಿಗೇನಾ?" ಅಂದ್ರು. "ಅಲ್ಲ ಕಣವ್ವ, ಮನೆಗೆ ಮಗ ಬತ್ತದೆ ಅಂದ್ರೆ ಒಪ್ಗೆ ಕೇಳ್ತಾರಾ ಯಾರಾನ?" ಅಂತ ನಾನು ರೇಗ್ದೆ. ನಮ್ ಕಡೆ ಗಂಡಾದ್ರೂ ಎಣ್ಣಾದ್ರೂ ಕೂಸು ಅಂದ್ರೆ 'ಮಗ'ನೇ. ಆಯಮ್ಮ ನಕ್ಕಂಡು ಬರ್ಕಂಡ್ರು. ಓಗ್ತಾ ವೀಣಂಗೆ ಒಂದು ಮಾತು ಅಂದ್ರು: ಮಗೀಗೆ ದತ್ತು ತಂದ ವಿಸ್ಯ ಮೊದಲ್ನೇ ದಿನದಿಂದ್ಲೇ ಯೋಳ್ತಾ ಬನ್ನಿ, ಯಾವತ್ತೋ ಒಂದಿನ ಕುಂಡ್ರುಸ್ಕಂಡು ಯೋಳೋ ಅಂಗೆ ಇಟ್ಕಬ್ಯಾಡಿ, ಅಂತ. ನಾನು ಆ ಮಾತ ಈ ಕಿವೀಲಿ ಕೇಳಿ ಆ ಕಿವೀಲಿ ಬುಟ್ಟೆ. ವೀಣ ಇಡ್ಕಂಡ್ಲು.

ಹತ್ತು ತಿಂಗಳ ಎಣ್ಣು ಕೂಸು ಬಂತು, ಮೈಸೂರಿನ ಮಕ್ಳ ಆಸ್ರಮದಿಂದ. ದೀಪಿಕ ಅಂತ ಅಲ್ಲೇ ಎಸ್ರು ಇಟ್ಟಿದ್ರು, ಅದ್ನೇ ಉಳುಸ್ಕಂಡೊ. ಮದ್ದೂರಿಂದ ಆಟೋ ಬಂದು ನಿಂತಾಗ ಅರ್ಧ ಊರು ನಮ್ಮ ಜಗ್ಲಿ ಮೇಲಿತ್ತು. ನಾನು ದೃಸ್ಟಿ ತೆಗ್ದು, ಮಗೀನ ಎತ್ಕಂಡು, ಊರೋರಿಗೆಲ್ಲ ತಾಕೀತು ಮಾಡ್ದೆ: "ನೋಡಿ, ಈ ಕೂಸಿಗೆ ಯಾರಾದ್ರೂ ವಿಸ್ಯ ಬಾಯ್ಬುಟ್ರೆ ನಾಲ್ಗೆ ಕಿತ್ತಾಕ್ತೀನಿ." ವೀಣ ನನ್ನ ಕೈಯಿಂದ ಮಗೀನ ಈಸ್ಕಂಡು ಎಲ್ರ ಮುಂದೇನೇ, "ಯಾರೂ ಹೇಳೋದೇನೂ ಬೇಡ, ನಾನೇ ಹೇಳ್ತೀನಿ. ಊರಿಗೆಲ್ಲ ಗೊತ್ತಿರೋದು ಇವ್ಳಿಗೊಬ್ಳಿಗೆ ಗೊತ್ತಿರ್ಬಾರ್ದು ಅಂದ್ರೆ ಹೆಂಗತ್ತೆ?" ಅಂದ್ಲು. ಆವತ್ತೂ ನಂಗೆ ಕ್ವಾಪ ಬಂತು.

ಅಂದಂಗೇ ಮಾಡುದ್ಲು ಕಣ್ರಿ. ಮಗೀಗೆ ಮಾತೇ ಬರದೆ ಇರೋವಾಗ್ಲೇ ಸುರು. ಒತ್ತಾರೆ ಜಗ್ಲಿ ಮೇಲೆ ಕೂರ್ಸ್ಕಂಡು ಎಣ್ಣೆ ಆಕಿ ತಲೆ ಬಾಚೋವಾಗ ಯೋಳೋಳು. "ನಿನ್ನ ಬೇರೆ ಅಮ್ಮ ಹೆತ್ರು. ಅವ್ರಿಗೆ ಸಾಕೋಕೆ ಆಗ್ಲಿಲ್ಲ. ನಂಗೂ ಅಪ್ಪಂಗೂ ಮಗು ಬೇಕಾಗಿತ್ತು, ಕಾದು ಕಾದು ನಿನ್ನ ಕರ್ಕೊಂಡು ಬಂದ್ವಿ. ಬರೋವಾಗ ಆಟೋದಲ್ಲಿ ನೀನು ಅಪ್ಪನ ಬಟ್ಟೆ ಮೇಲೆ ವಾಂತಿ ಮಾಡ್ದೆ." ವಾಂತಿ ಅಂದ್ ಕೂಡ್ಲೇ ಮಗ ಕಿಸಕ್ ಅಂತ ನಗೋದು. ಬೆಳೀತಾ ಬೆಳೀತಾ ಅದೇ ಕೇಳೋದು, "ಅಮ್ಮ, ವಾಂತಿ ಕತೆ ಯೋಳು" ಅಂತ. ವೀಣಂದು ಒಂದೇ ಕಟ್ಟುನಿಟ್ಟು: ಕೇಳಿದ್ದಕ್ಕೆ ಉತ್ತರ ಕೊಡ್ಬೇಕು, ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ಬೇಕು, ಉಪ್ಪು ಕಾರ ಬೆರೆಸ್ಕೂಡ್ದು.

ಒಂದ್ಸಲ ಮಳವಳ್ಳಿ ಬಸ್ಸಲ್ಲಿ ಓಗ್ತಿದ್ದೊ. ಮಗೀಗೆ ಆಗ ಐದು ವರ್ಸ. ಪಕ್ಕದಲ್ಲಿ ಕುಂತಿದ್ದ ಒಬ್ಬ ಎಂಗಸು, "ಮಗ ಯಾರಂಗದೆ? ಅಮ್ಮನಂಗೂ ಇಲ್ಲ, ಅಜ್ಜಿಯಂಗೂ ಇಲ್ವಲ್ಲ" ಅಂದ್ಲು. ವೀಣ ಬಾಯಿ ಬುಡೋಕೆ ಮುಂಚೇನೇ ದೀಪಿಕ, "ನಾನ್ ನನ್ನಂಗೇ ಇವ್ನಿ. ನನ್ನ ಬೇರೆ ಅಮ್ಮ ಹೆತ್ತದ್ದು. ಇವ್ರು ನಮ್ಮಮ್ಮ. ನಾನು ಆಟೋದಲ್ಲಿ ವಾಂತಿ ಮಾಡಿದ್ದೆ" ಅಂತ ಗಟ್ಟಿಯಾಗಿ ಯೋಳ್ತು. ಬಸ್ಸೆಲ್ಲ ತಿರುಗಿ ನೋಡ್ತು. ನಂಗೆ ಸೀಟಿನ ಕೆಳಕ್ಕೆ ಓಗ್ಬುಡನಾ ಅನ್ನಿಸ್ತು. ಆದ್ರೆ ಮಗೀನ ಮೊಕ ನೋಡ್ದೆ. ಒಂದು ಚೂರು ನಾಚ್ಕೆ ಇಲ್ಲ, ಬೇಜಾರಿಲ್ಲ, ಊರ ಎಸ್ರು ಯೋಳಿದಂಗೆ ಯೋಳ್ಬುಟ್ಟು ಕಿಟ್ಕಿ ಆಚೆ ನೋಡ್ತಾ ಕುಂತಿತ್ತು. ಆವತ್ತು ನಾನು ಒಳಗೊಳಗೇ ಒಪ್ಕಂಡೆ, ಈ ಮೊಂಡಿ ಮಾಡ್ತಿರೋದೇ ಸರಿ ಅಂತ. ಬಾಯ್ಬುಟ್ಟು ಮಾತ್ರ ಯೋಳ್ಲಿಲ್ಲ.

ಇಷ್ಟು ಚೆನ್ನಾಗಿ ಅವ್ಳು ಕಟ್ಕಂಡು ಬಂದದ್ದ ನಾನು ಒಂದೇ ಮಾತಲ್ಲಿ ಕೆಡಿಸ್ಬುಟ್ಟೆ. ಅದ್ನ ಯೋಳ್ದೆ ಅವ್ಳ ಒಗಳುದ್ರೆ ಅದು ಸುಳ್ಳಾಯ್ತದೆ.

ಓದ ವರ್ಸದ ಮಾತು. ಮಗೀಗೆ ಏಳು ತುಂಬಿತ್ತು. ಕೆರಗೋಡಲ್ಲಿ ವೀಣನ ಅವ್ವ ಬಿದ್ದು ಕಾಲು ಮುರ್ಕಂಡ್ರು, ಇವ್ಳು ನಾಕು ದಿನ ತವ್ರಿಗೆ ಓದ್ಲು. ಅವ್ಳು ಓದ ಮಾರ್ನೇ ದಿನವೇ ಮುದ್ದಯ್ಯ ಚಾಕಿ ಉಳ ತಂದ. ಚಾಕಿ ಅಂದ್ರೆ ಗೊತ್ತಿಲ್ದೋರಿಗೆ ಯೋಳ್ಬುಡ್ತೀನಿ. ಮೊಟ್ಟೆಯಿಂದ ಈಚೆಗೆ ಬಂದ ಉಳ ಇರುವೆಗಿಂತ ಸಣ್ಣಕಿರ್ತದೆ, ಅದ್ನ ಸಾಕೋದು ಎಲ್ರ ಕೈಲೂ ಆಗದಿಲ್ಲ. ಅದ್ಕೆ ನಮ್ಮ ಕಡೆ ಈ ಮುದ್ದಯ್ಯ ಅವ್ನೆ. ಮೊದಲ್ನೇ ಹತ್ತು ದಿನ ಅವ್ನೇ ಸಾಕಿ, ಉಳ ಎರಡು ಸಲ ಪೊರೆ ಬುಟ್ಟ ಮೇಲೆ ಟ್ರೇಲಿಟ್ಟು ಮನೆಮನೆಗೆ ತಂದ್ಕೊಡ್ತಾನೆ. ಅದೇ ಚಾಕಿ. ಅಲ್ಲಿಂದ ಮುಂದಕ್ಕೆ ನಮ್ಮ ಪಾಡು. ಇಪ್ಪತ್ತು ದಿನ ಸೊಪ್ಪು ಆಕಿ ಬೆಳೆಸಿ, ಚಂದ್ರಿಕೆ ಅಂತ ಬಿದಿರಿನ ತಟ್ಟಿ ಇರ್ತದಲ್ಲ, ಅದ್ರ ಮೇಲೆ ಬುಟ್ರೆ ಗೂಡು ಕಟ್ತವೆ. ಆ ಗೂಡ ಬುಡುಸ್ಕಂಡು ರಾಮನಗರದ ಮಾರ್ಕೆಟ್ಟಿಗೆ ಕಳುಸ್ತೀವಿ.

ಆವತ್ತು ಮಗ ಇಸ್ಕೂಲಿಂದ ಬಂದು, ಕಾಲು ತೊಳ್ಕಂಡು, ನನ್ನ ಜತೆ ಉಳದ ಮನೇಲಿ ಸೊಪ್ಪು ಆಕ್ತಾ ಇತ್ತು. ಇದ್ದಕ್ಕಿದ್ದಂಗೆ ಕೇಳ್ತು: "ಅಜ್ಜಿ, ನನ್ನ ಹೆತ್ತಮ್ಮ ನನ್ನ ಯಾಕೆ ಕೊಟ್ಬುಟ್ಲು?"

ವೀಣ ಆಗಿದ್ರೆ "ಗೊತ್ತಿಲ್ಲ ಕಂದ" ಅನ್ನೋಳು. ನನ್ನ ಬಾಯಲ್ಲಿ ಗೊತ್ತಿಲ್ಲ ಅನ್ನೋ ಮಾತು ಉಟ್ಟಿದ ದಿನದಿಂದ ಬಂದಿಲ್ಲ. ಯಾರು ಏನು ಕೇಳುದ್ರೂ ಏನಾರ ಒಂದು ಯೋಳೇ ಯೋಳ್ತೀನಿ. ಕೈಲಿ ಟ್ರೇ ಇತ್ತು, ಬಾಯಿ ಅಂಗೇ ಓಡ್ತು.

"ಇಲ್ನೋಡು ಮಗ," ಅಂದೆ. "ಈ ಉಳಗಳ ಅವ್ವ ಎಲ್ಲವ್ಳೆ?"

"ಗೊತ್ತಿಲ್ಲ."

"ಚಿಟ್ಟೆ ಮೊಟ್ಟೆ ಇಡ್ತು, ಓಯ್ತು. ಸಣ್ಣದ್ರಲ್ಲಿ ಮುದ್ದಯ್ಯ ಸಾಕ್ದ. ಈಗ ನಮ್ಮನೆಗೆ ಬಂದವೆ, ನಾವು ಸಾಕ್ತಿಲ್ವಾ? ನೀನೂ ಅಂಗೇ ಕಣೆ. ಮೈಸೂರೋರು ನಿನ್ನ ಚಾಕಿ ಮಾಡುದ್ರು, ನಾವು ತಂದು ಸಾಕ್ತಾ ಇದೀವಿ. ತಿಳೀತಾ?"

ಮಗ ಟ್ರೇನೇ ನೋಡ್ತು. "ಅಂಗಾರೆ ನಾನೂ ಈ ಉಳದಂಗೇನಾ ಅಜ್ಜಿ?"

"ಊಂ ಮತ್ತೆ! ರೇಸ್ಮೆ ಅಂದ್ರೆ ಸುಮ್ನೆ ಅಲ್ಲ ಕಣೆ, ಬಂಗಾರ!" ಅಂದೆ.

ಎಷ್ಟು ಜಂಬ ಗೊತ್ತಾ ನಂಗೆ! ಅಷ್ಟು ಓದಿದ ಸೊಸೆಗೇ ಒಳೀದೆ ಇದ್ದುದ್ದು ನಂಗೆ ಒಳೀತಲ್ಲ ಅಂತ. ಸಂಜೆ ಬಾವಿ ಕಟ್ಟೆ ತಾವ ನಾಕು ಜನಕ್ಕೆ ಯೋಳ್ಕಂಡೂ ಬಂದೆ. ವೀಣ ಬಂದ ಮೇಲೆ ಅವ್ಳಿಗೆ ಯೋಳೋದ ಮಾತ್ರ ಮರ್ತೆ. ಮರ್ತೆ ಅನ್ನೋದೂ ಸುಳ್ಳು. ಬೈತಾಳೆ ಅಂತ ಗೊತ್ತಿತ್ತು.

ಅಲ್ಲಿಂದ ಮಗ ಊಟ ಕಮ್ಮಿ ಮಾಡ್ತು. ಇಸ್ಕೂಲಿಂದ ಬಂದ ಕೂಡ್ಲೇ ಪಾತ್ರೆ ಮುಚ್ಚಳ ತಗ್ದು "ಏನದೆ ಅಜ್ಜಿ" ಅನ್ನೋ ಕೂಸು, ಅತ್ತ ತಿರುಗೂ ನೋಡ್ತಿರ್ಲಿಲ್ಲ. ಉಪ್ಸಾರು ಇಟ್ಟು ಅಂದ್ರೆ ಪ್ರಾಣ ಬುಡೋ ಕೂಸು, ಅರ್ಧ ಮುದ್ದೆ ಮುರ್ದು ನಾಯಿಗೆ ಆಕಿ ಬರೋದು. ಮೊದ್ಲು ಅರ್ಧ, ಆಮೇಲೆ ಕಾಲು. ಬೈದೊ, ಕತೆ ಯೋಳುದೊ, ಮುದ್ದು ಮಾಡುದೊ. ಬಾಯಿ ಬಿಗೀಗೆ ಇಡ್ಕಂಡು "ಸಾಕು" ಅನ್ನೋದು ಅಷ್ಟೇ. ಇಸ್ಕೂಲ್ ಟೀಚರು ವೀಣಂಗೆ ಫೋನ್ ಮಾಡಿ, "ನಿಮ್ಮ ಮಗಳು ಮಧ್ಯಾಹ್ನದ ಮೊಟ್ಟೇನ ಪಕ್ಕದೋಳಿಗೆ ಕೊಡ್ತಾಳೆ" ಅಂದ್ರು. ವೀಣ ಮಗೀನ ಮದ್ದೂರಿಗೆ ಕರ್ಕಂಡು ಓದ್ಲು. ಡಾಕ್ಟ್ರು ಕಣ್ಣು ನೋಡುದ್ರು, ನಾಲ್ಗೆ ನೋಡುದ್ರು, ರಕ್ತ ತಗ್ದು ನೋಡುದ್ರು, ಏನೂ ಇಲ್ಲ ಅಂದ್ರು. ಒಂದು ಟಾನಿಕ್ಕು ಬರ್ದು ಕೊಟ್ರು. ಅದ್ನೂ ಕುಡೀಲಿಲ್ಲ.

ಕೂಸಿನ ಕೆನ್ನೆ ಒಳಕ್ಕೋಯ್ತು. ಶಿವರಾಜು ಒಂದಿನ ನಗುಸನಾ ಅಂತ, "ಬಾ ಮಗಳೆ, ಎಷ್ಟು ಉದ್ದ ಆಗಿದೀಯ ನೋಡಣ" ಅಂದು ಬಾಗ್ಲ ಚೌಕಟ್ಟಿಗೆ ನಿಲ್ಸ್ದ. ಮಗ ಮಂಡಿ ಮಡ್ಚಿ ನಿಂತ್ಕಂತು. ನೆಟ್ಗೆ ನಿಂತ್ಕೊ ಅಂದ್ರೂ ನಿಲ್ಲದು. ನಾವೆಲ್ಲ ತಮಾಸೆ ಅಂದ್ಕಂಡು ನಕ್ಕೊ. ವೀಣ ಒಬ್ಳು ನಗ್ಲಿಲ್ಲ. ಆವತ್ತು ಮದ್ಯಾನ ಸೊಪ್ಪು ಕುಯ್ತಾ ಇದ್ದೋಳು ಕುಡ್ಲು ಕೆಳಕ್ಕಿಟ್ಟು, "ಅತ್ತೆ, ಮಗೂಗೆ ಏನೋ ಆಗಿದೆ. ಮೈಗಲ್ಲ. ನಂಗೆ ಹೇಳ್ತಿಲ್ಲ. ಏಳು ವರ್ಷದಲ್ಲಿ ಒಂದು ವಿಷ್ಯಾನೂ ನನ್ನ ಹತ್ರ ಮುಚ್ಚಿಟ್ಟಿರ್ಲಿಲ್ಲ ಅವ್ಳು" ಅಂದ್ಲು. ಆದ್ರೂ ಈ ಮಂದ ತಲೆಗೆ ಒಳೀಲಿಲ್ಲ ನೋಡಿ, ಅದು ನಾನು ಆಡಿದ ಮಾತು ಅಂತ.

ಉಳ ಅಣ್ಣಾದ್ವು, ಅಂದ್ರೆ ಮೇಯೋದು ಬುಟ್ಟು ಗೂಡು ಕಟ್ಟೋ ಅದಕ್ಕೆ ಬಂದ್ವು. ಚಂದ್ರಿಕೆಗೆ ಆರ್ಸಿ ಆಕ್ತಾ ಇದ್ದೊ. ಮಗ ಬಾಗ್ಲಲ್ಲಿ ನಿಂತ್ಕಂಡು, "ಅಜ್ಜಿ, ಈ ಸಣ್ಣವ್ನ ಯಾಕೆ ಬುಡ್ತಿದೀಯ?" ಅಂತು. "ಇವು ಸರ್ಯಾಗಿ ಮೇದಿಲ್ಲ ಮಗ, ಬೆಳ್ದಿಲ್ಲ. ಇವ್ನ ಕಳ್ಸಕಾಗದಿಲ್ಲ, ಇಲ್ಲೇ ಇರ್ಲಿ" ಅಂದೆ. ಅಷ್ಟಕ್ಕೆ ಅದು ತಲೆ ಆಡಿಸ್ಕಂಡು ಓಯ್ತು. ಆವತ್ತಿಂದ ಕುಡಿಯೋ ಆಲ್ನೂ ಬುಡ್ತು.

ಆರು ದಿನ ಕಳೀತು, ಗೂಡು ಬುಡ್ಸಿ ಚೀಲಕ್ಕೆ ತುಂಬುದೊ. ಒತ್ತಾರೆ ಬಿಸ್ಲು ಬೀಳೋ ಒತ್ಗೆ ಮದ್ದೂರಿಂದ ವಾಜಿದ್ ಲಗೇಜ್ ಆಟೋ ತಂದ. ಎಂಟು ವರ್ಸದಿಂದ ನಮ್ಮ ಗೂಡು ಒಯ್ಯೋನು ಅವ್ನೇ, ದೀಪಿಕನ ಕಂಡ್ರೆ ಅವ್ನಿಗೆ ಇಷ್ಟ. ಪ್ರತಿ ಸಲದಂಗೇ ಆವತ್ತೂ, "ಏನಮ್ಮ ದೀಪಿಕಾ, ರಾಮನಗರಕ್ಕೆ ಬರ್ತೀಯಾ? ಚೀಲದ ಪಕ್ಕ ಜಾಗ ಇದೆ, ಹತ್ತು ಹತ್ತು" ಅಂದ. ಬೇರೆ ದಿನ ಆಗಿದ್ರೆ ಕುಣ್ಕಂಡು ಓಗಿ ಅತ್ತಿ ಕೂರೋ ಮಗ, ಮೊಕ ಬಿಳ್ಚ್ಕಂಡು ಇಂದಿಂದಕ್ಕೆ ಓಯ್ತು. ತಿರುಗಿ ನೋಡೋದ್ರೊಳಗೆ ಇಲ್ಲ.

ಉಡುಕುದೊ. ಅಟ್ಟಿ, ಕೊಟ್ಗೆ, ಪಕ್ಕದ ಮನೆ, ಎಲ್ಲೂ ಇಲ್ಲ. ವಾಜಿದ್ ಪಾಪ ಗಾಬರಿ ಬಿದ್ದು ರೋಡಿನ ಕಡೆ ಓಡ್ದ, ಶಿವರಾಜು ವಲದ ಕಡೆ. ವೀಣ ಮಾತ್ರ ಸೀದಾ ಉಳದ ಮನೆಗೆ ನುಗ್ಗುದ್ಲು. ನಾನು ಅವ್ಳ ಇಂದೆ. ಗ್ವಾಡೆಗೆ ಒರಗ್ಸಿದ್ದ ಖಾಲಿ ಚಂದ್ರಿಕೆಗಳ ಇಂದ್ಗಡೆ, ಮಂಡಿ ಅಪ್ಕಂಡು ಕುಂತಿತ್ತು ಕೂಸು. ಅಳ್ತಾನೂ ಇರ್ಲಿಲ್ಲ. ನಡುಗ್ತಾ ಇತ್ತು.

"ಅಮ್ಮ, ನಾನ್ ಸರ್ಯಾಗಿ ಉಂಡಿಲ್ಲ ಅಮ್ಮ. ನಾನಿನ್ನೂ ಸಣ್ಣೋಳೇ ಇವ್ನಿ. ನನ್ನ ಗಾಡಿಗೆ ಆಕ್ಬ್ಯಾಡಿ."

ವೀಣಂಗೆ ಅರ್ಥ ಆಗ್ಲಿಲ್ಲ. "ಯಾವ ಗಾಡಿಗೆ ಕಂದ?"

"ರಾಮನಗರದ ಗಾಡಿಗೆ. ನಾನೂ ಚಾಕಿಯಿಂದ ಬಂದೋಳಲ್ವಾ? ಬೆಳುದ್ಮೇಲೆ ಕಳ್ಸ್ತೀರಲ್ವಾ?"

ಅಯ್ಯೋ ನನ್ನ ಬಾಯಿಗೆ ಮಣ್ಣಾಕ! ಇಪ್ಪತ್ತೈದು ದಿನ. ಇಪ್ಪತ್ತೈದು ದಿನ ಆ ಕೂಸು ಬೆಳೀಬಾರ್ದು ಅಂತ ಅಸ್ಕಂಡು ಕುಂತಿತ್ತು, ನಮ್ಮ ಮನೇಲೇ ಇರಕ್ಕೆ.

"ಯಾರು ಹೇಳಿದ್ದು ನಿಂಗೆ ಇದ್ನ?" ವೀಣ ಮೆಲ್ಲಗೆ ಕೇಳುದ್ಲು. ಮಗ ತಲೆ ಎತ್ತಿ ನನ್ನ ನೋಡ್ತು. ತಿರ್ಗಾ ತಲೆ ಬಗ್ಸಿ, "ಯಾರೂ ಯೋಳ್ಲಿಲ್ಲ" ಅಂತು. ಏಳು ವರ್ಸದ ಕೂಸು, ತನ್ನ ಪ್ರಾಣ ನಡುಗ್ತಾ ಇದ್ರೂ, ಅಜ್ಜಿ ಮಾನ ಕಾಯಕ್ಕೆ ನೋಡ್ತು ಕಣ್ರಿ. ನಂಗೆ ತಡ್ಯಕ್ಕೆ ಆಗ್ಲಿಲ್ಲ. "ನಾನೇ ಕಣವ್ವ ಯೋಳಿದ್ದು" ಅಂದೆ. ಎಲ್ಲಾ ಯೋಳ್ದೆ, ಟ್ರೇ ಇಡ್ಕಂಡು ಆಡಿದ್ದು, ಬಾವಿ ಕಟ್ಟೆ ತಾವ ಜಂಬ ಕೊಚ್ಚಿದ್ದು, ಬೈತಾಳೆ ಅಂತ ಮುಚ್ಚಿಟ್ಟದ್ದು.

ಆ ಒತ್ಗೆ ಶಿವರಾಜು ಬಾಗ್ಲಿಗೆ ಬಂದ. ಮಗೀನ ಕಂಡು ಉಸ್ರು ಬುಟ್ಟ. ಮಾರ್ಕೆಟ್ಟಿಗೆ ಟೈಮಾಯ್ತು ಅಂದ. ಇವತ್ತಿನ ಗೂಡು ನಾಳೆಗೆ ಇಡಕ್ಕೆ ಆಗದಿಲ್ಲ, ನಮ್ಗೆಲ್ಲ ಗೊತ್ತು. "ರೀ, ನೀವು ವಾಜಿದಣ್ಣನ ಜೊತೆ ಹೋಗಿ. ನಾನು ಬರಲ್ಲ" ಅಂದ್ಲು ವೀಣ. ಹದಿನೈದು ವರ್ಸದಲ್ಲಿ ಅವ್ಳಿಲ್ದೆ ನಮ್ಮ ಗೂಡು ಮಾರ್ಕೆಟ್ಟಿಗೆ ಓದದ್ದು ಆವತ್ತೇ ಮೊದ್ಲು.

ಅವ್ಳು ನನ್ನ ಬೈತಾಳೆ ಅಂತ ಕಾದೆ. ಬೈದಿದ್ರೆ ನಂಗೂ ಅಗುರ ಆಗೋದು. ಬೈಲಿಲ್ಲ. ಮಗೀನ ಎತ್ತಿ ತೊಡೆ ಮೇಲೆ ಕೂರ್ಸ್ಕಂಡು ಅಲ್ಲೇ ನೆಲದ ಮೇಲೆ ಕುಂತ್ಕಂಡು ನನ್ನ ಕಡೆ ನೋಡುದ್ಲು. "ಅತ್ತೆ, ಈಗ ನಾನು ತಿದ್ದಿದ್ರೆ, ಅಜ್ಜಿ ಹೇಳಿದ್ದು ಒಂದು, ಅಮ್ಮ ಹೇಳಿದ್ದು ಒಂದು ಅಂತ ಆಗ್ತದೆ. ಯಾವ್ದು ನಿಜ ಅಂತ ಮಗು ಒಳಗೊಳಗೇ ಯೋಚ್ನೆ ಮಾಡ್ತಾ ಕೂರ್ತಾಳೆ. ನೀವು ಹೇಳಿದ ಮಾತು, ನೀವೇ ಹೇಳ್ಬೇಕು ತಪ್ಪು ಅಂತ."

ಅರವತ್ತೆಂಟು ವರ್ಸ ನಂಗೆ. ಗಂಡನ ಮುಂದೆ, ಬಾವನ ಮುಂದೆ, ಪಂಚಾಯ್ತಿ ಮುಂದೆ, ಯಾರ ಮುಂದೂ ತಪ್ಪಾಯ್ತು ಅಂದೋಳಲ್ಲ ನಾನು. ಆ ಕೂಸಿನ ಮುಂದೆ ನೆಲಕ್ಕೆ ಕುಂತೆ.

"ಮಗ, ನಾನ್ ಯೋಳಿದ್ದು ತಪ್ಪು," ಅಂದೆ. "ಉಳನ ನಾವು ಸಾಕೋದು ಮಾರಕ್ಕೆ. ನಿನ್ನ ತಂದದ್ದು ಮಾರಕ್ಕಲ್ಲ, ಕಳ್ಸಕ್ಕಲ್ಲ, ಇನ್ಯಾರ್ಗೂ ಕೊಡಕ್ಕಲ್ಲ. ನೀನು ಉಳದಂಗಲ್ಲ. ಯಾವ್ದ್ರಂಗೂ ಅಲ್ಲ. ನೀನು ಈ ಮನೆ ಮಗಳು, ಅಷ್ಟೇ. ನಿನ್ನ ಹೆತ್ತಮ್ಮ ಯಾಕೆ ಕೊಟ್ಲು ಅಂತ ಕೇಳ್ದಲ್ಲ, ಅದು ನಂಗೆ ಗೊತ್ತಿಲ್ಲ ಕಣೆ. ಗೊತ್ತಿಲ್ಲ ಅನ್ನಕ್ಕೆ ಒಂಥರಾ ಆಗಿ ಬಾಯಿಗೆ ಬಂದದ್ದು ಯೋಳ್ಬುಟ್ಟೆ. ತಪ್ಪಾಯ್ತು ಕಣವ್ವ."

ಮಗ ನನ್ನ ನೋಡ್ತು, ಅವ್ರಮ್ಮನ್ನ ನೋಡ್ತು. ಅಷ್ಟು ಸುಲಬಕ್ಕೆ ನಂಬೋ ಕೂಸಲ್ಲ ಅದು, ವೀಣನ ಮಗಳು.

"ನಾನು ಎತ್ರ ಆದ್ರೂ ಕಳ್ಸಲ್ವಾ?"

"ಕಳ್ಸಲ್ಲ," ಅಂದ್ಲು ವೀಣ.

"ತಪ್ಪು ಮಾಡುದ್ರೆ?"

"ಬೈತೀನಿ. ಅಜ್ಜಿನೂ ಬೈತಾರೆ. ಮನೇಲಿ ಇಟ್ಕೊಂಡೇ ಬೈತೀವಿ."

"ಮೈಸೂರೋರು ಬಂದು ವಾಪಸ್ ಕೇಳುದ್ರೆ?"

"ಯಾರೂ ಕೇಳಂಗಿಲ್ಲ. ದೀಪಿಕ ವೀಣನ ಮಗಳು, ಶಿವರಾಜು ಮಗಳು ಅಂತ ಕೋರ್ಟಲ್ಲಿ ಬರ್ದು ಕೊಟ್ಟವ್ರೆ. ಇಷ್ಟು ವರ್ಷಕ್ಕೆ ಅಂತ ಬರ್ದಿಲ್ಲ. ಬೇಕಾದ್ರೆ ಬೀರೂಲಿದೆ, ನೀನೇ ಓದು."

ಮಗ ಅವ್ಳ ತೊಡೆ ಮೇಲೆ ತಿರುಗಿ ಕುಂತ್ಕಂತು. ಆಮೇಲೆ, "ಅಂಗಾರೆ ನನ್ನ ಹೆತ್ತಮ್ಮ ಯಾಕೆ ಕೊಟ್ಲು?" ಅಂತು. ಅದೇ ಪ್ರಶ್ನೆ. ನಾನು ಉತ್ತರ ಕೊಟ್ಟು ಕೆಡಿಸಿದ ಪ್ರಶ್ನೆ. ನಾನು ತುಟಿ ಕಚ್ಕಂಡು ಕುಂತೆ.

"ನಂಗೂ ಗೊತ್ತಿಲ್ಲ ಕಂದ," ಅಂದ್ಲು ವೀಣ. "ಗೊತ್ತಿದ್ರೆ ಖಂಡಿತ ಹೇಳ್ತಿದ್ದೆ. ಅದ್ನ ನೆನೆಸ್ಕೊಂಡು ಬೇಜಾರಾದ್ರೆ ನನ್ನ ಹತ್ರ ಬಾ, ಬಚ್ಚಿಟ್ಕೊಂಡು ಕೂರ್ಬೇಡ. ನೀನು ದೊಡ್ಡೋಳಾದ್ಮೇಲೆ, ಅವ್ರನ್ನ ಹುಡುಕ್ಬೇಕು ಅನ್ನಿಸಿದ್ರೆ ನಾನೇ ನಿನ್ನ ಜೊತೇಲಿ ಬರ್ತೀನಿ. ಇಬ್ರೂ ಹೋಗಣ, ಇಬ್ರೂ ವಾಪಸ್ ಮನೆಗೆ ಬರಣ."

ಯಾವ ತಾಯಿ ಅಂತಾಳೆ ಈ ಮಾತ? ಐದು ವರ್ಸ ಆಸ್ಪತ್ರೆ ಅಲ್ದು, ಮೂರು ವರ್ಸ ಕಾದು ಪಡ್ಕಂಡ ಕೂಸಿಗೆ, ನಿನ್ನ ಹೆತ್ತೋಳ ನಾನೇ ಉಡುಕ್ಕೊಡ್ತೀನಿ ಅಂತ ಯಾವ ತಾಯಿ ಅಂತಾಳೆ? ನನ್ನ ಸೊಸೆ ಅಂದ್ಲು. ಸೋತು ನೆಲದ ಮೇಲೆ ಕುಂತಿದ್ರೂ ನನ್ನ ಎದೆ ಉಬ್ತು.

ಮಗ ಅವ್ಳ ಸೆರಗ ಬೆರಳಿಗೆ ಸುತ್ಕಂತಾ ಇತ್ತು. ಏನೋ ಲೆಕ್ಕ ಆಕ್ತಾ ಇತ್ತು ಒಳಗೊಳಗೇ. ಆಮೇಲೆ ಅವ್ಳ ಕಿವಿ ತಾವ ಓಗಿ, ನಂಗೂ ಕೇಳುಸೋ ಅಂಗೆ, ಕೇಳ್ತು.

"ಅಂಗಾರೆ ಅಮ್ಮ, ನಾನು ದೊಡ್ಡೋಳಾಗ್ಬೌದಾ?"

ಅಷ್ಟು ವರ್ಸದಲ್ಲಿ ಒಂದು ದಿನಾನೂ ನನ್ನ ಮುಂದೆ ಅತ್ತೋಳಲ್ಲ ವೀಣ. ಆವತ್ತು ಮಗೀನ ಅಪ್ಕಂಡು ಗೊಳೋ ಅಂತ ಅತ್ತುಬುಟ್ಲು. "ಆಗು ಕಂದ, ಆಗು. ಎಷ್ಟ್ ಬೇಕಾದ್ರೂ ದೊಡ್ಡೋಳಾಗು" ಅಂತ ಯೋಳಿದ್ದೇ ಯೋಳ್ತಾ ಇದ್ಲು. ಮಗ ಅವ್ಳ ಕಣ್ಣು ಒರಸ್ತು, ಒರಸಿ ನನ್ನ ಕಡೆ ತಿರುಗಿ, "ಅಜ್ಜಿ, ಒಟ್ಟೆ ಅಸೀತದೆ" ಅಂತು.

ನಾನು ಎದ್ದು ಓಡ್ದೆ. ಒಲೆ ಅಚ್ಚಿ, ಎಸರಿಟ್ಟು, ನೀರು ಕುದಿಯೋದ್ರೊಳಗೆ ತಿರುಗಿ ನೋಡ್ತೀನಿ, ತಟ್ಟೆ ಮುಂದಿಟ್ಕಂಡು ಕುಂತದೆ ನನ್ನ ಮೊಮ್ಮಗಳು.